ಪೋಪಣ್ಣನ ಹೊಸಕೋಟೆ

ನನ್ನ ಭಾವಮೈದ ಫ್ರಾನ್ಸಿನ ತುಲೂಸಿನಲ್ಲಿ ವಿಮಾನದ ರೆಕ್ಕೆಗೆ ಸಂಬಂಧಪಟ್ಟ ಏನೋ ಕೆಲಸದಲ್ಲಿದ್ದಾನೆ. ಏನು ಕೆಲಸ ಅಂತ ಮೂರು ಸಲ ಕೇಳಿದ್ದೇನೆ, ಮೂರು ಸಲವೂ ತಿಳಿದವನ ಹಾಗೆ ತಲೆಯಾಡಿಸಿದ್ದೇನೆ. ಹೋದ ವರ್ಷ ಅವನು ಮದರಾಸಿಗೆ ಬಂದು ಹೊರಟಾಗ ನನ್ನ ಹೆಂಡತಿ ಎರಡು ಕಿಲೋ ಮಾವಿನ ಮಿಡಿ ಉಪ್ಪಿನಕಾಯಿಯನ್ನು ಏಳು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಅವನ ಸೂಟ್‌ಕೇಸಿಗೆ ತುರುಕಿದ್ದಳು. ಈ ಮೇ ತಿಂಗಳಲ್ಲಿ ಅದೇ ಸೂಟ್‌ಕೇಸಿನಿಂದ ಒಂದು ಬಾಟಲಿ ಹೊರಗೆ ಬಂತು. ಸುತ್ತಿದ ಪ್ಲಾಸ್ಟಿಕ್ಕೂ ಅದೇ ಇರಬೇಕು. ಬಿಚ್ಚುವಾಗ ಸಾಸಿವೆಯ ಘಾಟು ಸಣ್ಣಗೆ ಮೂಗಿಗೆ ಬಡಿಯಿತು.

"ಭಾವ, ಇದು ಅಂಥಿಂಥ ವೈನಲ್ಲ. ಶಾತೋನಫ್ ದ್ಯು ಪಾಪ್!" ಅಂದ.

ಮಾವನವರು ಈಸಿಚೇರಿನಿಂದ ಕತ್ತೆತ್ತಿದರು. "ಎಂತ ಪಾಪ ಮಾರಾಯ?"

"ಪಾಪ ಅಲ್ಲಪ್ಪ, ಪಾಪ್. ಪೋಪ್. ಶಾತೋ ಅಂದರೆ ಕೋಟೆ, ನಫ್ ಅಂದರೆ ಹೊಸದು. ಪೋಪರ ಹೊಸ ಕೋಟೆ."

"ಹೊಸಕೋಟೆ ಅನ್ನು. ಅದಕ್ಕೆ ಇಷ್ಟು ಬಾಯಿ ತಿರುಚಬೇಕಾ?" ಅಂದು ಮಾವನವರು ಮತ್ತೆ ಪೇಪರಿಗೆ ಮುಖ ಹುಗಿದರು.

ನನಗೆ ರೋಮಾಂಚನವಾಯಿತು. ನಾನು ಕೋಲಾರದ ಕಡೆಯವನು. ಬೆಂಗಳೂರಿನಿಂದ ಕೋಲಾರದ ಮೇಲೆ ಮದರಾಸಿಗೆ ಬರುವ ಬಸ್ಸು ಹೊಸಕೋಟೆ ದಾಟಿಯೇ ಬರಬೇಕು. ಮೂವತ್ತು ವರ್ಷ ಆ ಊರನ್ನು ಕಿಟಕಿಯಿಂದ ನೋಡಿದ್ದೇನೆ, ಈಚೆಗೆ ಅದು ಬೆಳಗಿನ ಜಾವದ ದಮ್ ಬಿರಿಯಾನಿಗೆ ಹೆಸರಾಗಿದೆ ಅನ್ನುವುದೂ ಗೊತ್ತು. ಆದರೆ ಪೋಪಣ್ಣನಿಗೂ ಒಂದು ಹೊಸಕೋಟೆ ಇದೆ, ಅದರ ಸುತ್ತಲೂ ದ್ರಾಕ್ಷಿ ಇದೆ ಅಂತ ಯಾರೂ ಹೇಳಿರಲಿಲ್ಲ. ನಮ್ಮ ಕಡೆಯೂ ದ್ರಾಕ್ಷಿಯೇ ತಾನೇ? ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಚಪ್ಪರಗಳಲ್ಲಿ ಬೆಂಗಳೂರು ನೀಲಿ ತೂಗುತ್ತದೆ. ತಿಂದರೆ ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ, ತಿಂದವನ ಅಂಗಿ ಒಂದು ಕಡೆ ಆಗುವ ದ್ರಾಕ್ಷಿ.

ಬಾಟಲಿಯ ಹೆಗಲ ಮೇಲೆ ಗಾಜಿನಲ್ಲೇ ಉಬ್ಬಿಸಿದ ಅಡ್ಡಡ್ಡ ಕೀಲಿಕೈಗಳು. ಸ್ವರ್ಗದ ಬಾಗಿಲಿನವಂತೆ. 1309ರಿಂದ 1377ರವರೆಗೆ ಪೋಪರು ರೋಮ್ ಬಿಟ್ಟು ಫ್ರಾನ್ಸಿನ ಅವಿನ್ಯೋನಿನಲ್ಲಿ ಬಿಡಾರ ಹೂಡಿದ್ದರು. ಅವರಲ್ಲೊಬ್ಬ, ಇಪ್ಪತ್ತೆರಡನೆಯ ಜಾನ್, ಸೆಕೆಗೋ ಜನಗಳ ಕಾಟಕ್ಕೋ ಬೇಸತ್ತು ಹತ್ತಿರದ ಗುಡ್ಡದ ಮೇಲೊಂದು ಕೋಟೆ ಕಟ್ಟಿಸಿದ. ನಮ್ಮವರು ಸೆಕೆ ತಾಳದೆ ನಂದಿಬೆಟ್ಟಕ್ಕೆ ಹೋಗುವುದಿಲ್ಲವೇ, ಹಾಗೆ. ಆ ಕೋಟೆ ಎಂದೋ ಪಾಳುಬಿದ್ದಿತ್ತು, ಉಳಿದಿದ್ದ ಗೋಪುರದ ಅರ್ಧವನ್ನು 1944ರಲ್ಲಿ ಜರ್ಮನ್ ಸೈನಿಕರು ಓಡಿಹೋಗುವಾಗ ಸ್ಫೋಟಿಸಿದರು. ಉಳಿದರ್ಧ ನಿಂತಿದೆ, ವೈನು ನಡೆದಿದೆ.

"ಇದರ ವಿಶೇಷ ಏನು ಗೊತ್ತಾ ಭಾವ? ಹದಿಮೂರು ಜಾತಿ ದ್ರಾಕ್ಷಿ!"

ಅಂದವನೇ ಗ್ರೆನಾಶ್, ಸಿರಾ, ಮೂರ್ವೆದ್ರ್, ಸ್ಯಾಂಸೋ, ಕೂನ್ವಾಜ್ ಅಂತ ಶುರುಮಾಡಿದ. ಶ್ರಾದ್ಧದಲ್ಲಿ ಗೋತ್ರ ಪ್ರವರ ಹೇಳುವಾಗಲೂ ಅವನಿಗೆ ಇಷ್ಟು ಸರಾಗವಾಗಿ ಬಾಯಿ ತಿರುಗಿದ್ದನ್ನು ನಾನು ಕಂಡಿಲ್ಲ. ಎಂಟನೆಯ ಹೆಸರಿಗೆ ನನ್ನ ಹೆಂಡತಿ ಒಳಗಿನಿಂದ ಕೂಗಿದಳು: "ಲೋ, ನಮ್ಮ ಬಿಸಿಬೇಳೆ ಭಾತಿನ ಪುಡಿಗೂ ಅಷ್ಟೇ ಸಾಮಾನು ಬೀಳುತ್ತೆ. ನಾನೇನು ಫ್ರಾನ್ಸಿಗೆ ಹೋಗಿ ಹೇಳಿಕೊಂಡು ಬಂದೆನಾ?"

ಸರ್ಕಾರಿ ಲೆಕ್ಕ ಮಾತ್ರ ಸ್ವಲ್ಪ ತಿರುಚು. 1936ರ ಕಟ್ಟಳೆಯಲ್ಲಿ ಹದಿಮೂರು ತಳಿ. 2009ರಲ್ಲಿ ಒಂದೇ ತಳಿಯ ಕಪ್ಪು, ಬಿಳಿ, ಗುಲಾಬಿ ಬಣ್ಣಗಳನ್ನು ಬೇರೆ ಬೇರೆ ಎಣಿಸಿ ಹದಿನೆಂಟು ಮಾಡಿದರು. ಹದಿಮೂರನ್ನೂ ಹಾಕಲೇಬೇಕೆಂಬ ಬಲವಂತವಿಲ್ಲ, ಒಂದೇ ಹಾಕಿದರೂ ನಡೆಯುತ್ತದೆ. ಬಹಳಷ್ಟು ಮಂದಿ ಮುಕ್ಕಾಲು ಪಾಲು ಗ್ರೆನಾಶನ್ನೇ ಸುರಿದು ಉಳಿದದ್ದನ್ನು ಒಗ್ಗರಣೆಗೆ ಸೇರಿಸುತ್ತಾರೆ. ಹದಿಮೂರನ್ನೂ ಹಾಕುವವರು ಬೆರಳೆಣಿಕೆ. ಅಂಥವರದೇ ತಂದಿದ್ದೇನೆ ಅಂತ ಇವನ ಹೆಮ್ಮೆ.

ಆ ಊರಿನ ಇನ್ನೊಂದು ಕಟ್ಟಳೆ ನನಗೆ ಇನ್ನೂ ಇಷ್ಟವಾಯಿತು. 1954ರಲ್ಲಿ ಫ್ರಾನ್ಸಿನ ತುಂಬ ಹಾರುವ ತಟ್ಟೆಯ ಗುಲ್ಲೆದ್ದಿತ್ತು. ಅಲ್ಲಿನ ಮೇಯರ್ ಒಂದು ಹುಕುಂ ಹೊರಡಿಸಿದರು: ಹಾರುವ ತಟ್ಟೆಗಳು ಈ ಊರಿನ ಮೇಲೆ ಹಾರುವಂತಿಲ್ಲ, ಇಳಿಯುವಂತಿಲ್ಲ, ಏರುವಂತಿಲ್ಲ, ಇಳಿದದ್ದನ್ನು ತಕ್ಷಣ ಜಪ್ತಿ ಮಾಡಲಾಗುವುದು. ಅದನ್ನು ಯಾರೂ ರದ್ದು ಮಾಡಿಲ್ಲ. ನಮ್ಮ ಬೀದಿಯ ಕಾರ್ಪೊರೇಷನ್ ಹಸುಗಳನ್ನೇ ಹಿಡಿಯಲಾರದೆ ಒದ್ದಾಡುತ್ತಿದೆ, ಅವರು ಮಂಗಳ ಗ್ರಹದವರನ್ನು ದೊಡ್ಡಿಗೆ ಕೂಡಲು ಹೊರಟಿದ್ದರು. ಅಂದಿನಿಂದ ಒಂದು ತಟ್ಟೆಯೂ ಇಳಿದಿಲ್ಲ. ಕಾನೂನು ಅಂದರೆ ಹಾಗಿರಬೇಕು.

ಇನ್ನು ಬಾಟಲಿ ಎಲ್ಲಿಡುವುದು? "ರೂಮ್ ಟೆಂಪರೇಚರಿನಲ್ಲೇ ಕುಡಿಯಬೇಕು ಭಾವ" ಅಂದ. ನಮ್ಮದು ಪಶ್ಚಿಮ ಮಾಂಬಲ. ಹೊರಗೆ ಕತ್ತರಿ ಬಿಸಿಲು. ನಮ್ಮ ರೂಮಿನ ಟೆಂಪರೇಚರಿನಲ್ಲಿ ಹಪ್ಪಳ ತಾನಾಗಿ ಒಣಗುತ್ತದೆ. ಅವನು ಹೇಳುವ ರೂಮು ಹದಿನಾರು ಹದಿನೆಂಟು ಡಿಗ್ರಿಯದು. ಮದರಾಸಿನಲ್ಲಿ ಅಂಥ ರೂಮು ಇರುವುದು ಫ್ರಿಜ್ಜಿನೊಳಗೆ ಮಾತ್ರ. ಫ್ರಿಜ್ಜಿನಲ್ಲಿ ದೋಸೆ ಹಿಟ್ಟು, ಹೆಪ್ಪಿನ ಮೊಸರು, ಏಕಾದಶಿ ಮರುದಿನದ ನೈವೇದ್ಯಕ್ಕೆ ತಂದ ಹಾಲು. ಅರ್ಧ ಗಂಟೆಯ ಸಂಧಾನದ ನಂತರ ತರಕಾರಿ ಡ್ರಾಯರಿನಲ್ಲಿ ಬೂದುಗುಂಬಳದ ಹೋಳಿನ ಹಿಂದೆ, ಪೇಪರು ಸುತ್ತಿ, ಎರಡು ಗಂಟೆಗೆ ಮಾತ್ರ ಅಂತ ಕರಾರಾಯಿತು.

ಆ ಎರಡು ಗಂಟೆಯಲ್ಲಿ ಮಾವನವರು ಇತಿಹಾಸ ಬಿಚ್ಚಿದರು. ಉಡುಪಿ ಕಡೆಯಿಂದ ಹದಿನೈದರ ಹರೆಯದಲ್ಲಿ ಮದರಾಸಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಹಿಡಿದು ಗಲ್ಲಾದ ತನಕ ಏರಿದವರು. ಅವರು ಬಂದಾಗ ಊರೆಲ್ಲ ಪಾನನಿಷೇಧ. ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಶುರುಮಾಡಿದ್ದು 1948ರ ಹೊತ್ತಿಗೆ ಇಡೀ ಪ್ರಾಂತಕ್ಕೆ ಹಬ್ಬಿತ್ತು. ಅಬಕಾರಿ ದುಡ್ಡು ಖೋತಾ ಆದದ್ದಕ್ಕೆ ಸೇಲ್ಸ್ ಟ್ಯಾಕ್ಸ್ ತಂದವರೂ ರಾಜಾಜಿಯೇ. "ಕುಡಿಯುವವನಿಗೆ ಆಗ ಪರ್ಮಿಟ್ ಬೇಕು. ಪರ್ಮಿಟ್ಟಿಗೆ ಡಾಕ್ಟರ ಚೀಟಿ ಬೇಕು. ಇವನಿಗೆ ಕುಡಿಯದಿದ್ದರೆ ಆಗುವುದಿಲ್ಲ ಅಂತ ಬರೆಸಬೇಕು. ಘನವಂತರೆಲ್ಲ ಕುಡುಕ ಅಂತ ಸರ್ಟಿಫಿಕೇಟು ಮಾಡಿಸಿ ಜೇಬಲ್ಲಿಟ್ಟುಕೊಂಡು ನಮ್ಮ ಹೋಟೆಲಿಗೆ ಕಾಫಿಗೆ ಬರ್ತಿದ್ರು" ಅಂದರು ಮಾವನವರು. 1971ರಲ್ಲಿ ನಿಷೇಧ ಸಡಿಲವಾಯಿತು, ಮತ್ತೆ ಬಿಗಿಯಾಯಿತು, ಮತ್ತೆ ಸಡಿಲವಾಯಿತು. 1983ರಲ್ಲಿ ಟಾಸ್ಮಾಕ್ ಎಂಬ ಸರ್ಕಾರಿ ಮದ್ಯದ ಕಂಪನಿ ಹುಟ್ಟಿ, 2003ರಿಂದ ಚಿಲ್ಲರೆ ಅಂಗಡಿಯ ಗಲ್ಲಾದಲ್ಲೂ ಸರ್ಕಾರವೇ ಕೂತಿದೆ. ಜನ ಮಾತ್ರ ಇವತ್ತಿಗೂ ಅದನ್ನು ವೈನ್ ಶಾಪ್ ಅನ್ನುತ್ತಾರೆ. ಬ್ರಾಂದಿ ಕೇಳಿದರೆ ಎತ್ತಿ ಕೊಡುವ ಆ ಕಿಂಡಿಯಲ್ಲಿ ವೈನ್ ಕೇಳಿದವನ ಮುಖವನ್ನು ಒಂದು ಸಲ ಬಗ್ಗಿ ನೋಡುತ್ತಾರೆ.

ಇದಕ್ಕಿಂತ ಹಳೆಯ ಮದರಾಸಿನ ಒಂದು ಕಟ್ಟಳೆ ನನಗೂ ಗೊತ್ತಿತ್ತು, ನಾನೂ ಬಿಟ್ಟೆ. 1670ರ ದಶಕದಲ್ಲಿ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಸರ್ ವಿಲಿಯಂ ಲ್ಯಾಂಗ್‌ಹಾರ್ನ್ ಕಂಪನಿಯ ನೌಕರರ ಕುಡಿತಕ್ಕೆ ಮೂಗುದಾರ ಹಾಕಿದ. ಒಬ್ಬೊಬ್ಬರು ಒಂದು ಸಲಕ್ಕೆ ಅರ್ಧ ಪಿಂಟ್ ಸಾರಾಯಿ ಇಲ್ಲವೇ ಬ್ರಾಂದಿ, ಒಂದು ಕ್ವಾರ್ಟ್ ವೈನ್, ಅದಕ್ಕೆ ಮೀರಬಾರದು. ಮೀರಿದರೆ ಮನೆಯೊಡೆಯನಿಗೆ ಒಂದು ವರಹ, ಅತಿಥಿಗೆ ತಲಾ ಹನ್ನೆರಡು ಹಣ ದಂಡ. ಕ್ವಾರ್ಟ್ ಅಂದರೆ ಹತ್ತಿರ ಹತ್ತಿರ ಒಂದು ಲೀಟರು. ಈಗಿನ ಮದರಾಸಿನ 'ಕ್ವಾರ್ಟರ್' ಅಂದರೆ 180 ಎಂಎಲ್. ಹಿಡಿತ ಅಂತ ಕರೆದದ್ದೇ ಲೀಟರಿನಷ್ಟಿದ್ದರೆ ಹಿಡಿತವಿಲ್ಲದ ದಿನಗಳಲ್ಲಿ ಆ ಕೋಟೆಯ ಗೋಡೆ ಯಾರು ಕಾಯುತ್ತಿದ್ದರೋ ದೇವರೇ ಬಲ್ಲ.

ಸಂಜೆ ಪಕ್ಕದ ಮನೆಯ ಮಾಮಾ ಬಂದರು. ರಿಟೈರಾದ ತಮಿಳು ಮೇಷ್ಟ್ರು. ಆಡುವುದು ನಮಗಾಗಿ ಕನ್ನಡ, ವ್ಯಾಕರಣ ತಮಗಾಗಿ ತಮಿಳು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ದ್ರಾಕ್ಷಾರಿಷ್ಟಂ ತಾನೇ?" ಅಂದರು. ಭಾವಮೈದನಿಗೆ ಪಿತ್ತ ಕೆರಳಿತು. ನನಗೆ ಮಾಮಾ ಹೇಳಿದ್ದೇ ಸರಿ ಅನ್ನಿಸಿತು. 1944ರಲ್ಲಿ ಹುಟ್ಟಿದ, ತಿರುವಾನ್ಮಿಯೂರಿನ ಇಂಪ್‌ಕಾಪ್ಸ್ ಎಂಬ ವೈದ್ಯರ ಸಹಕಾರಿ ಸಂಘದಿಂದ ಮಾಮಾ ವರ್ಷಕ್ಕೆ ನಾಲ್ಕು ಬಾಟಲಿ ತರುತ್ತಾರೆ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು, ಮಸಾಲೆ ಹಾಕಿ ಮುಚ್ಚಿಟ್ಟರೆ ಅದು ತಾನಾಗಿ ಹುದುಗಿ ತಾನಾಗಿ ಆಲ್ಕೋಹಾಲು ಹುಟ್ಟಿಸಿಕೊಳ್ಳುತ್ತದೆ. ಲೇಬಲ್ಲಿನ ಮೇಲೆ 'ಸ್ವಯಂಜನಿತ' ಅಂತ ಬರೆದಿರುತ್ತದೆ, ಸ್ವಯಂಭು ಲಿಂಗದ ಹಾಗೆ. ಅದಕ್ಕೆ ಪಾಪವಿಲ್ಲ. ಊಟವಾದ ಮೇಲೆ ಮೂರು ಚಮಚ.

ಮಾಮಾ ಅಷ್ಟಕ್ಕೇ ನಿಲ್ಲಲಿಲ್ಲ. "ಯವನರು ಒಳ್ಳೆಯ ಹಡಗಿನಲ್ಲಿ ತಂದ ತಂಪು ಮದ್ಯವನ್ನು ಪಾಂಡ್ಯ ರಾಜ ಚಿನ್ನದ ಬಟ್ಟಲಲ್ಲಿ ಕುಡಿದದ್ದು ನಮ್ಮ ಹಳೆಯ ತಮಿಳು ಕಾವ್ಯ ಪುರನಾನೂರಿನಲ್ಲೇ ಬಂದಿದೆ ಸಾರ್. ನಿಮ್ಮ ಪೋಪ್ ಆವಾಗ ಹುಟ್ಟಿಯೇ ಇರಲಿಲ್ಲೆ." ಮಾತು ಸುಳ್ಳಲ್ಲ. ಪುದುಚೇರಿ ಪಕ್ಕದ ಅರಿಕಮೇಡುವಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ರೋಮನ್ ಕಾಲದ ವೈನ್ ಕೊಡಗಳ ಚೂರುಗಳು ಸಿಕ್ಕಿದವು. ಎರಡು ಸಾವಿರ ವರ್ಷದ ಹಿಂದೆಯೇ ಈ ಕರಾವಳಿಗೆ ವೈನ್ ಬಂದಿದೆ. ಬೂಚು ತೆಗೆಯುವ ತಿರುಪು ಮಾತ್ರ ನಮ್ಮ ಮನೆಗೆ ಬಂದಿರಲಿಲ್ಲ.

ಅದು ಗೊತ್ತಾದದ್ದು ಎಲ್ಲರೂ ಸುತ್ತ ಕೂತ ಮೇಲೆ. ಕಸ್ಟಮ್ಸಿನವರು ಎರಡು ಲೀಟರ್ ತನಕ ಬಿಡುತ್ತಾರೆ ಅಂತ ಲೆಕ್ಕ ಹಾಕಿ ತಂದವನು ತಿರುಪು ಮರೆತಿದ್ದ. ನಮ್ಮ ಮನೆಯಲ್ಲಿ ಇದ್ದದ್ದು ತೆಂಗಿನಕಾಯಿ ತುರಿಯುವ ಮಣೆ, ಸ್ಕ್ರೂಡ್ರೈವರು, ಲಟ್ಟಣಿಗೆ. ಸ್ಕ್ರೂಡ್ರೈವರಿಗೆ ಬೂಚು ಪುಡಿಯಾಯಿತೇ ಹೊರತು ಮೇಲೆ ಬರಲಿಲ್ಲ. ಕೊನೆಗೆ ಮಾವನವರು ಲಟ್ಟಣಿಗೆಯ ಹಿಡಿಯನ್ನು ಬಾಟಲಿಯ ಬಾಯಿಗಿಟ್ಟು ಅಂಗೈಯಿಂದ ಗುದ್ದಿದರು. ಬೂಚು ಒಳಗೆ ಹೋಯಿತು. ಮಾಮಾ ಅವರ ಬಿಳಿ ಪಂಚೆಗೆ ಏಳು ಚುಕ್ಕೆ ಬಿತ್ತು. ಬಗ್ಗಿಸಿದರೆ ತೇಲುವ ಬೂಚು ಕತ್ತಿಗೆ ಬಂದು ಅಡ್ಡ ಕೂರುತ್ತದೆ. ಹೆಣಿಗೆ ಕಡ್ಡಿಯಿಂದ ಅದನ್ನು ಹಿಂದಕ್ಕೆ ತಳ್ಳಿ ಹಿಡಿದರೆ ವೈನು ಬರುತ್ತದೆ, ಬೂಚಿನ ಪುಡಿಯ ಸಮೇತ.

"ಡಿಕ್ಯಾಂಟ್ ಮಾಡಬೇಕು" ಅಂದ ಭಾವಮೈದ.

"ಡಿಕಾಕ್ಷನ್ನಾ? ಅದಕ್ಕೇನು" ಅಂದಳು ಅವನಕ್ಕ. ಹಿತ್ತಾಳೆಯ ಕಾಫಿ ಫಿಲ್ಟರನ್ನು ತಂದು ಎದುರಿಗಿಟ್ಟಳು. ಪೋಪರ ವೈನು ಮಾಂಬಲದ ಫಿಲ್ಟರಿನ ತೂತುಗಳಲ್ಲಿ ತೊಟ್ಟು ತೊಟ್ಟಾಗಿ ಇಳಿಯಿತು. ಅಲ್ಲಿನವರು ಇದಕ್ಕೇ ಗಾಜಿನ ಹೂಜಿ ಇಟ್ಟುಕೊಂಡಿದ್ದಾರಂತೆ, ಗಾಳಿ ಆಡಲಿ ಅಂತ. ಗಾಳಿ ಬೇಕಾದರೆ ನಮ್ಮಲ್ಲಿ ಲೋಟ ಬಟ್ಟಲಿದೆ. ನಾನು ಎರಡು ಸಲ ಮೇಲಿಂದ ಕೆಳಕ್ಕೆ ಆರಿಸಿದೆ. ಭಾವಮೈದ ಕಣ್ಣು ಮುಚ್ಚಿಕೊಂಡ.

ರುಚಿ ನೋಡುವುದಕ್ಕೂ ಒಂದು ಶಾಸ್ತ್ರ. ಮೊದಲು ಬಣ್ಣ ನೋಡಬೇಕು. ಸ್ಟೀಲ್ ಲೋಟದಲ್ಲಿ ಎಲ್ಲದರ ಬಣ್ಣವೂ ಸ್ಟೀಲೇ. ಆಮೇಲೆ ಲೋಟ ತಿರುಗಿಸಿ ಮೂಗು ಇಳಿಸಬೇಕು. ಮಾವನವರು ಮೂಸಿ, "ಮಳೆ ಬಂದ ದಿನದ ದನದ ಕೊಟ್ಟಿಗೆ" ಅಂದರು. ಬೈಗುಳ ಅಂದುಕೊಂಡೆ. ಭಾವಮೈದ ಎದ್ದು ಕೂತ: "ಅಪ್ಪ, ಸರಿಯಾಗಿ ಹೇಳಿದಿರಿ! ಅಲ್ಲಿನ ದೊಡ್ಡ ದೊಡ್ಡವರೂ ಹಾಗೇ ಬರೆಯುತ್ತಾರೆ." ಕೊಟ್ಟಿಗೆ ವಾಸನೆಯನ್ನು ಹೊಗಳಿಕೆ ಅಂತ ಬಾಟಲಿಗೆ ತುಂಬಿ ಮಾರುವ ಊರು ಸಾಮಾನ್ಯದ್ದಲ್ಲ. ನನ್ನ ಸರದಿ. ನನಗೆ ಬಂದದ್ದು ಸಾಸಿವೆ. ಹೇಳಿದೆ. "ಮಸಾಲೆಯ ಗಂಧ! ಅದು ಸಿರಾ ದ್ರಾಕ್ಷಿಯ ಕೊಡುಗೆ ಭಾವ!" ಅಂತ ಅವನು ನನ್ನ ಕೈ ಕುಲುಕಿದ. ಉಪ್ಪಿನಕಾಯಿಯ ಪ್ಲಾಸ್ಟಿಕ್ಕಿನ ಮಾತು ನನ್ನ ನಾಲಿಗೆಯ ತುದಿಯ ತನಕ ಬಂದಿತ್ತು. ಕೈ ಕುಲುಕಿದ ಮೇಲೆ ಯಾಕೆ ಅಂತ ನುಂಗಿಕೊಂಡೆ.

ಮಾಮಾ ಮೂರು ಚಮಚ ಅಳೆದು ಕುಡಿದರು. "ಬೆಲ್ಲ ಕಮ್ಮಿ."

ನನ್ನ ತೀರ್ಪು ಬೇಕೆ? ಮೊದಲ ಗುಟುಕಿಗೆ ಒಗರು, ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ. ಎರಡನೆಯದಕ್ಕೆ ಬಿಸಿ. ಲೇಬಲ್ಲಿನಲ್ಲಿ ಹದಿನಾಲ್ಕೂವರೆ ಪರ್ಸೆಂಟ್ ಅಂತಿತ್ತು. ಮೂರನೆಯದಕ್ಕೆ ಚೆನ್ನಾಗಿದೆ ಅನ್ನಿಸಿತು. ಆದರೆ ಹದಿಮೂರು ತಳಿ ಹದಿಮೂರಾಗಿ ಗೊತ್ತಾಯಿತು ಅಂತ ಯಾರಾದರೂ ಹೇಳಿದರೆ ನಾನು ನಂಬುವವನಲ್ಲ. ಸಾಂಬಾರಿನಲ್ಲಿ ಮೆಂತ್ಯ ಎಲ್ಲಿದೆ ತೋರಿಸು ಅಂದರೆ ತೋರಿಸಲಾದೀತೇ? ಹೆಚ್ಚಾದರೆ ಗೊತ್ತಾಗುತ್ತದೆ, ಬಿಟ್ಟುಹೋದರೆ ಗೊತ್ತಾಗುತ್ತದೆ. ಸರಿಯಾಗಿ ಬಿದ್ದರೆ ಅದು ಕಾಣೆ.

ಹಾಗಾದರೆ ಹದಿಮೂರು ಯಾಕೆ? ಭಾವಮೈದ ಸಂಕೀರ್ಣತೆ, ಸಮತೋಲ, ಆಳ ಅಂತ ಏನೇನೋ ಹೇಳಿದ. ಮಾರನೆಯ ಬೆಳಿಗ್ಗೆ ನಾನು ಅಯೋಧ್ಯಾ ಮಂಟಪದ ಕಡೆ ಕಾಫಿಪುಡಿಗೆ ಹೋದೆ. ನನ್ನ ಮಾಮೂಲು ಅರ್ಧ ಪೀಬೆರಿ, ಅರ್ಧ ಪ್ಲಾಂಟೇಷನ್ ಎ, ಚಿಕೋರಿ ಇಪ್ಪತ್ತು. ಪುಡಿ ಮಾಡುವವನನ್ನು ಕೇಳಿದೆ, ಒಂದೇ ಬೀಜ ಹಾಕಿದರೆ ಆಗದೇ? ಅವನು ಮಿಷನ್ನಿನ ಗದ್ದಲದಲ್ಲೇ ಕೂಗಿದ: ಒಂದು ವರ್ಷ ಮಳೆಗೆ ಒಂದು ಬೀಜ ಹಾಳು, ಇನ್ನೊಂದು ವರ್ಷ ಇನ್ನೊಂದರ ರೇಟು ಮೇಲೆ, ನಿಮ್ಮ ಲೋಟದಲ್ಲಿ ಮಾತ್ರ ದಿನಾ ಒಂದೇ ಕಾಫಿ ಇರಬೇಕು ಸಾರ್, ಇಲ್ಲದಿದ್ದರೆ ಜಗಳಕ್ಕೆ ಬರ್ತೀರಿ.

ಮಿಷನ್ನು ನಿಂತಾಗ ನನಗೆ ನೆನಪಾದದ್ದು ಕೋಲಾರದ ನಮ್ಮ ತಾತನ ಹೊಲ. ರಾಗಿ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು. ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಅಂಚಿಗೆ ಹರಳು. ಎಲ್ಲಕ್ಕೂ ಬೇರೆ ಬೇರೆ ಕೊಯ್ಲು, ಬೇರೆ ಬೇರೆ ಹಸಿವು, ಬೇರೆ ಬೇರೆ ರೋಗ. ಮುಂಗಾರು ಕೈಕೊಟ್ಟು ರಾಗಿ ಸೊರಗಿದ ವರ್ಷವೂ ಡಿಸೆಂಬರಿನಲ್ಲಿ ಅವರೆಕಾಯಿ ಇರುತ್ತಿತ್ತು. ತಾತ ಅದನ್ನು ಸಂಕೀರ್ಣತೆ ಅನ್ನಲಿಲ್ಲ. ಹೊಟ್ಟೆಪಾಡು ಅಂದರು.

ಪೋಪಣ್ಣನ ಹೊಸಕೋಟೆಯ ರೈತನದೂ ಅದೇ ಕತೆ. ಗ್ರೆನಾಶ್ ಸಿಹಿ, ಧಾರಾಳಿ, ಆದರೆ ಹೂ ಬಿಡುವ ಹೊತ್ತಿಗೆ ಚಳಿ ಮಳೆ ಬಿದ್ದರೆ ಹೂವೆಲ್ಲ ಉದುರಿಸಿ ಕೂರುತ್ತದೆ. ಮೂರ್ವೆದ್ರ್ ತಡವಾಗಿ ಚಿಗುರುತ್ತದೆ, ಬೇಗ ಬಂದ ಕೇಡನ್ನು ತಪ್ಪಿಸಿಕೊಳ್ಳುತ್ತದೆ. ಸಿರಾ ಬಣ್ಣಕ್ಕೆ. ಕೆಂಪು ವೈನಿಗೂ ಕಟ್ಟಳೆ ಪ್ರಕಾರ ಬಿಳಿ ದ್ರಾಕ್ಷಿ ಸೇರಿಸಬಹುದು, ಹಗುರಾಗಲಿ ಅಂತ. ನೆಲವೆಲ್ಲ ತಲೆಗಾತ್ರದ ಉರುಟು ಕಲ್ಲು, ಮೇಲೆ ಮಿಸ್ತ್ರಾಲ್ ಅನ್ನುವ ಬಿರುಗಾಳಿ. 1923ರಲ್ಲಿ ಬ್ಯಾರನ್ ಲ ರ್ವಾ ಎಂಬ ತೋಟದ ಒಡೆಯರು, ಓದಿದ್ದು ವಕೀಲಿಕೆ, ಮುಂದೆ ನಿಂತು ಅಲ್ಲಿನ ಬೆಳೆಗಾರರಿಂದ ಮೊದಲ ಕಟ್ಟುಪಾಡು ಮಾಡಿಸಿದಾಗ ಗಡಿ ಗುರುತಿಗೆ ಹುಡುಕಿದ್ದು ಲ್ಯಾವೆಂಡರ್, ಥೈಮ್ ಬಿಟ್ಟರೆ ಬೇರೇನೂ ಹುಟ್ಟದ ಬರಡು ನೆಲವನ್ನು. ನಮ್ಮಲ್ಲಾದರೆ ಲಂಟಾನ ಬೆಳೆದ ಜಾಗ ಅನ್ನುತ್ತಿದ್ದರು. ಅಂಥ ನೆಲದಲ್ಲಿ ಒಂದೇ ತಳಿಯನ್ನು ನಂಬಿದವನು ಒಂದಲ್ಲ ಒಂದು ವರ್ಷ ಮುಳುಗುತ್ತಾನೆ. ಈಗ ತಳಿಗೊಂದು ತುಂಡು ಮಾಡಿ, ಬೇರೆ ಬೇರೆ ಹುದುಗಿಸಿ, ಕೊನೆಗೆ ಬೆರೆಸುವವರೂ ಇದ್ದಾರೆ. ಹಳೆಯ ತೋಟಗಳಲ್ಲಿ ಬಳ್ಳಿಗಳೇ ಬೆರಕೆ. ಪೋರ್ಚುಗಲ್ಲಿನ ದೋರು ಕಣಿವೆಯಲ್ಲಿ ಒಂದೇ ತೋಟದಲ್ಲಿ ಹತ್ತಾರು ತಳಿ, ಒಟ್ಟಿಗೇ ಕೊಯ್ದು ಒಟ್ಟಿಗೇ ತುಳಿದ ವೈನು ಇವತ್ತಿಗೂ ಇದೆ. ಮೊದಲು ಬಂದದ್ದು ಅಕ್ಕಡಿ ಸಾಲು. ಲೋಟದೊಳಗೆ ಮೂಗಿಟ್ಟು ಅದಕ್ಕೆ ವಿಶೇಷಣ ಹಚ್ಚುವವರು ಆಮೇಲೆ ಬಂದರು, ನನ್ನ ಭಾವಮೈದ ಎಲ್ಲರಿಗಿಂತ ಕೊನೆಗೆ.

ಇಷ್ಟನ್ನೂ ಫೋನಿನಲ್ಲಿ ಅವನಿಗೆ ಹೇಳಿದೆ. ಅಷ್ಟರಲ್ಲಿ ಅವನು ತುಲೂಸಿಗೆ ಮರಳಿದ್ದ. "ಭಾವ, ನಿಮಗೆ ಮೂಗು ಇದೆ, ನಾಲಿಗೆ ಇಲ್ಲ" ಅಂದ. ಸಾಸಿವೆಯ ಗುಟ್ಟನ್ನು ಆಗಲೇ ಹೇಳಿಬಿಡಬೇಕು ಅನ್ನಿಸಿತು, ಹೇಳಲಿಲ್ಲ. ಮುಂದಿನ ಜಗಳಕ್ಕೆ ಏನಾದರೂ ಇರಲಿ.

ಖಾಲಿ ಬಾಟಲಿಯನ್ನು ಹೆಂಡತಿ ತೊಳೆದು ಎಳ್ಳೆಣ್ಣೆ ತುಂಬಿಸಿ ಒಲೆಯ ಪಕ್ಕ ಇಟ್ಟಿದ್ದಾಳೆ. ಸ್ವರ್ಗದ ಕೀಲಿಕೈಗಳಿಗೆ ಆಗಲೇ ಜಿಡ್ಡು ಹಿಡಿದಿದೆ. ಬೂಚು ಒಳಗೇ ಇದೆ. ಬಗ್ಗಿಸಿದಾಗ ಅದು ಕತ್ತಿಗೆ ಅಡ್ಡ ಕೂರುವುದರಿಂದ ಎಣ್ಣೆ ದೋಸೆಯ ಸುತ್ತ ಸರಿಯಾಗಿ ಏಳೆಂಟು ತೊಟ್ಟು ಬಿದ್ದು ನಿಲ್ಲುತ್ತದೆ. ತಿಂಗಳಿಗೆ ಅರ್ಧ ಲೀಟರ್ ಉಳಿತಾಯ ಅಂತ ಅವಳ ಲೆಕ್ಕ. ಮುಂದಿನ ಸಲ ಇನ್ನೊಂದು ಬಾಟಲಿ ತಾ, ಆದರೆ ತಿರುಪು ಮಾತ್ರ ತರಬೇಡ ಅಂತ ತಮ್ಮನಿಗೆ ಹೇಳಿಬಿಟ್ಟಿದ್ದಾಳೆ.